ಕೂದಲಿಗಿಂತ ತೆಳ್ಳಗಿನ ಸ್ವಿಚ್

ಮಕ್ಕಳೇ, ಗೋಡೆಯ ಸ್ವಿಚ್ ಒತ್ತಿದ್ರೆ ಒಳಗೆ ಒಂದು ಲೋಹದ ಪಟ್ಟಿ ಇನ್ನೊಂದನ್ನು ಮುಟ್ಟುತ್ತೆ, ದೀಪ ಹತ್ತುತ್ತೆ. ಆಫ್ ಮಾಡಿದ್ರೆ ನಡುವೆ ಗಾಳಿ, ಕರೆಂಟು ನಿಂತಿತು. ಆದರೆ ಮೊಬೈಲಿನ ರೇಡಿಯೋ ಸಂಕೇತ ಅಷ್ಟು ಸುಲಭವಾಗಿ ನಿಲ್ಲೋದಿಲ್ಲ. 1800 ಮೆಗಾಹರ್ಟ್ಸ್ ಅಂದರೆ ಸೆಕೆಂಡಿಗೆ 180 ಕೋಟಿ ಆವರ್ತನೆ. ಇಂಥ ಸಂಕೇತಕ್ಕೆ ಎದುರುಬದುರಾದ ಎರಡು ಲೋಹದ ತಟ್ಟೆಗಳು ಒಂದು ಕೆಪಾಸಿಟರ್ ಇದ್ದ ಹಾಗೆ. ನಡುವಿನ ಗಾಳಿಯನ್ನೂ ದಾಟಿ ಸೋರುತ್ತದೆ. ತಟ್ಟೆ ದೊಡ್ಡದಾದಷ್ಟೂ, ಸಂದು ಚಿಕ್ಕದಾದಷ್ಟೂ ಸೋರಿಕೆ ಹೆಚ್ಚು. ಅದಕ್ಕೇ ಸ್ವಿಚ್ಚನ್ನೇ ಅತಿ ಚಿಕ್ಕದು ಮಾಡಬೇಕು. 1979ರಲ್ಲಿ ಐಬಿಎಂ ಕಂಪನಿಯ ಕರ್ಟ್ ಪೀಟರ್ಸನ್ ಸಿಲಿಕಾನ್ ಮೇಲೆ ಸೂಕ್ಷ್ಮ ಯಾಂತ್ರಿಕ ಸ್ವಿಚ್ ಮಾಡಿ ತೋರಿಸಿದರು. ರೇಡಿಯೋ ಸಂಕೇತಗಳಿಗಾಗಿ ಮಾಡುವ ಇಂಥವನ್ನು ಈಗ ಆರ್‌ಎಫ್ ಮೆಮ್ಸ್ ಸ್ವಿಚ್ ಎನ್ನುತ್ತಾರೆ.

ಇಷ್ಟು ಚಿಕ್ಕ ಪಟ್ಟಿಯನ್ನು ಗಾಳಿಯಲ್ಲಿ ನಿಲ್ಲಿಸೋದು ಹೇಗೆ? ಝುವಾರಿನಗರ, ಬೈನಾ ಕಡೆಯ ಎಷ್ಟೋ ಮಕ್ಕಳ ಮನೆಯಲ್ಲಿ ಇದಕ್ಕೆ ಉತ್ತರ ಗೊತ್ತು: ಸೆಂಟ್ರಿಂಗ್! ಸ್ಲ್ಯಾಬ್ ಹಾಕುವ ಮುಂಚೆ ಹಲಗೆ ಕಟ್ಟಿ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಬಿಚ್ಚುತ್ತಾರಲ್ಲ, ಹಾಗೇ. ಸಿಲಿಕಾನ್ ಬಿಲ್ಲೆಯ ಮೇಲೆ ಮೊದಲು ಒಂದು ತಾತ್ಕಾಲಿಕ ಪದರ, ಅದರ ಮೇಲೆ ಚಿನ್ನದಂಥ ಲೋಹದ ಪಟ್ಟಿ. ಆಮೇಲೆ ಕೆಳಗಿನ ಪದರವನ್ನು ಕರಗಿಸಿದರೆ ಪಟ್ಟಿ ಮಾತ್ರ ಉಳಿಯುತ್ತದೆ, ಅದರಡಿ 2–3 ಮೈಕ್ರೋಮೀಟರ್ ಸಂದು. ನಮ್ಮ ಕೂದಲಿನ ದಪ್ಪವೇ ಸುಮಾರು 70 ಮೈಕ್ರೋಮೀಟರ್! ಒಂದು ಧೂಳಿನ ಕಣ ಸಾಕು ಕೆಲಸ ಕೆಡಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಕೆಲಸಕ್ಕೆಂದೇ ಧೂಳುರಹಿತ ಕೋಣೆಗಳಿವೆ.

ಪಟ್ಟಿಯನ್ನು ಒತ್ತಲು ಬೆರಳಿಲ್ಲ. ಕೆಳಗಿನ ವಿದ್ಯುದ್ವಾರಕ್ಕೆ ವೋಲ್ಟೇಜ್ ಕೊಟ್ಟರೆ ಅದು ಪಟ್ಟಿಯನ್ನು ಎಳೆಯುತ್ತದೆ. ಹೀಗೆ ಮಾಡಿ ನೋಡಿ: ಹಳೇ ಹ್ಯಾಕ್ಸಾ ಬ್ಲೇಡಿನ ಹಲ್ಲಿಗೆ ಟೇಪ್ ಸುತ್ತಿ, ಒಂದು ತುದಿಯನ್ನು ಮೇಜಿಗೆ ಬಿಗಿದು, ಇನ್ನೊಂದು ತುದಿಯ ಕೆಳಗೆ ಸ್ಪೀಕರ್ ಅಯಸ್ಕಾಂತವನ್ನು ನಿಧಾನವಾಗಿ ಮೇಲೆ ತನ್ನಿ. ಮೊದಲು ಸ್ವಲ್ಪ ಬಾಗುತ್ತೆ, ಆಮೇಲೆ ಒಮ್ಮೆಲೇ ಟಪ್ ಅಂತ ಅಂಟಿಕೊಳ್ಳುತ್ತೆ. ಸೂಕ್ಷ್ಮ ಸ್ವಿಚ್ಚಿನಲ್ಲೂ ಹೀಗೇ. ಸಂದಿನ ಮೂರನೇ ಒಂದು ಭಾಗ ಇಳಿಯುವವರೆಗೆ ಪಟ್ಟಿಯ ಬಿಗಿತ ತಡೆಯುತ್ತದೆ. ಅದು ದಾಟಿತೋ, ಎಳೆತವೇ ಗೆಲ್ಲುತ್ತದೆ.

ಲೆಕ್ಕ ಹಾಕೋಣ. 100 ಮೈಕ್ರೋಮೀಟರ್ ಚೌಕದ ತಟ್ಟೆ, 3 ಮೈಕ್ರೋಮೀಟರ್ ಸಂದು, ಬಿಗಿತ ಮೀಟರಿಗೆ 10 ನ್ಯೂಟನ್ ಇದ್ದರೆ ಸುಮಾರು 30 ವೋಲ್ಟ್ ಬೇಕು. ಮೊಬೈಲ್ ಬ್ಯಾಟರಿ ಕೊಡೋದು 4 ವೋಲ್ಟಿನ ಆಸುಪಾಸು! ಸಂದನ್ನು 2ಕ್ಕೆ ಇಳಿಸಿದರೆ 16 ವೋಲ್ಟ್ ಸಾಕು, ಆದರೆ ಸೋರಿಕೆ ಹೆಚ್ಚಾಯಿತು. ಬಿಗಿತವನ್ನು ಕಾಲುಭಾಗಕ್ಕೆ ಇಳಿಸಿದರೆ ವೋಲ್ಟೇಜ್ ಅರ್ಧವಾಗುತ್ತದೆ. ಆದರೆ ಮೆತ್ತಗಿನ ಪಟ್ಟಿ ಒಮ್ಮೆ ಅಂಟಿದರೆ ಮೇಲೇಳೋದಿಲ್ಲ. ವಿನ್ಯಾಸಕಾರರ ತಲೆನೋವು ಇದೇ.

ಅಂಟಿಸುವುದರಲ್ಲಿ ತೇವದ ಪಾಲು ದೊಡ್ಡದು. ಎರಡು ಗಾಜಿನ ತುಂಡುಗಳ ನಡುವೆ ಒಂದು ಹನಿ ನೀರು ಬಿಟ್ಟು ಬಿಡಿಸಿ ನೋಡಿ, ಗೊತ್ತಾಗುತ್ತೆ. ಮಳೆಗಾಲದ ಗೋವಾದ ಗಾಳಿಯಲ್ಲಿ ಇಂಥ ಸ್ವಿಚ್ಚನ್ನು ತೆರೆದಿಟ್ಟರೆ ಅದರ ಗತಿ ಕೇಳೋದೇ ಬೇಡ. ಅದಕ್ಕೇ ಒಣ ಅನಿಲದೊಳಗಿಟ್ಟು ಮುಚ್ಚಿ ಮೊಹರು ಮಾಡುತ್ತಾರೆ.

ನಿಮಗೊಂದು ಲೆಕ್ಕ: ಮೇಲಿನ ತಟ್ಟೆಯೇ ಇರಲಿ, ಸಂದು 2 ಮೈಕ್ರೋಮೀಟರ್, ಬಿಗಿತ ಮೀಟರಿಗೆ 40 ನ್ಯೂಟನ್. ಎಷ್ಟು ವೋಲ್ಟ್ ಬೇಕಾದೀತು?