ಕೊಲೈಟಿಸ್ ಇದ್ದವರು ಇಸಬ್‌ಗೋಲ್ ತೆಗೆದುಕೊಳ್ಳುವುದು ಹೇಗೆ?

ಅಲ್ಸರೇಟಿವ್ ಕೊಲೈಟಿಸ್ ಎಂದು ಗೊತ್ತಾದೊಡನೆ ನೆಂಟರಿಷ್ಟರಿಂದ ಬರುವ ಮೊದಲ ಸಲಹೆ ‘ಇಮ್ಯುನಿಟಿ ಹೆಚ್ಚಿಸಿಕೊಳ್ಳಿ’ ಎಂಬುದು. ಈ ಕಾಯಿಲೆಗೆ ಅದು ತಕ್ಕ ಮಾತಲ್ಲ. ಮೈ ಕಾಯಬೇಕಾದ ರೋಗನಿರೋಧಕ ಕೋಶಗಳೇ ಕೆರಳಿ ದೊಡ್ಡಕರುಳಿನ ಒಳಪದರದ ಮೇಲೆ ಎರಗಿರುತ್ತವೆ. ಅವನ್ನು ಹುರಿದುಂಬಿಸಬೇಕಿಲ್ಲ, ಹದಕ್ಕೆ ತರಬೇಕು.

ಇಸಬ್‌ಗೋಲ್‌ನ ಪಾತ್ರ ಇಲ್ಲಿದೆ. ಅದರ ಲೋಳೆಯಲ್ಲಿರುವ ಅರಾಬಿನೊಕ್ಸೈಲಾನ್ ಎಂಬ ಪಾಲಿಸ್ಯಾಕರೈಡ್ ನಮಗೆ ಜೀರ್ಣವಾಗದೆ ದೊಡ್ಡಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದರ ಒಂದು ಪಾಲನ್ನು ಹುಳಿಸಿದಾಗ ಬ್ಯುಟಿರೇಟ್‌ನಂಥ ಆಮ್ಲಗಳು ಹುಟ್ಟುತ್ತವೆ. ದೊಡ್ಡಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಆಹಾರ. ಉರಿಯೂತಕ್ಕೆ ಲಗಾಮು ಹಾಕುವ ‘ನಿಯಂತ್ರಕ ಟಿ ಕೋಶ’ಗಳು ಬೆಳೆಯಲೂ ಅದು ನೆರವಾಗುತ್ತದೆಂದು 2013ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು.

ಮನುಷ್ಯರ ಮೇಲಿನ ಪುರಾವೆ ಅಷ್ಟು ದೊಡ್ಡದಲ್ಲ. 1999ರಲ್ಲಿ ಪ್ರಕಟವಾದ ಸ್ಪೇನ್‌ನ ಅಧ್ಯಯನವೊಂದರಲ್ಲಿ, ಕಾಯಿಲೆ ಶಮನವಾಗಿದ್ದ 105 ಮಂದಿಯನ್ನು ಒಂದು ವರ್ಷ ಗಮನಿಸಲಾಯಿತು. ಇಸಬ್‌ಗೋಲ್ ಬೀಜ ಮಾತ್ರ ತಿಂದವರಲ್ಲಿ ಶೇ 40, ಮೆಸಲಮೈನ್ ಮಾತ್ರೆ ನುಂಗಿದವರಲ್ಲಿ ಶೇ 35, ಎರಡನ್ನೂ ತೆಗೆದುಕೊಂಡವರಲ್ಲಿ ಶೇ 30ರಷ್ಟು ಜನರಿಗೆ ಚಿಕಿತ್ಸೆ ಫಲಿಸಲಿಲ್ಲ. ಈ ಅಂತರ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ. ಇಷ್ಟು ಚಿಕ್ಕ ಅಧ್ಯಯನವನ್ನು ನಂಬಿ ಮಾತ್ರೆ ಬಿಡುವುದು ಹುಚ್ಚುತನ. ಅಲ್ಲಿ ಕೊಟ್ಟದ್ದು ದಿನಕ್ಕೆ 20 ಗ್ರಾಂ ಬೀಜ, ಅಂಗಡಿಯಲ್ಲಿ ನಾವು ಕೊಳ್ಳುವ ಹೊಟ್ಟಲ್ಲ ಎಂಬುದೂ ನೆನಪಿರಲಿ.

ಶುರುಮಾಡುವ ಮುನ್ನ ವೈದ್ಯರನ್ನು ಕೇಳಿ. ರಕ್ತಭೇದಿ ಇರುವಾಗ ನಾರಿನ ಪ್ರಯೋಗ ಬೇಡ. ಕ್ರೋನ್ಸ್ ಕಾಯಿಲೆಯಿಂದ ಕರುಳು ಕಿರಿದಾಗಿದ್ದರಂತೂ ಮುಟ್ಟಲೇಬೇಡಿ, ಉಬ್ಬಿದ ಹೊಟ್ಟು ಅಲ್ಲೇ ಸಿಕ್ಕಿಕೊಳ್ಳಬಹುದು.

ವೈದ್ಯರು ಒಪ್ಪಿದರೆ ಬಣ್ಣ, ಸಕ್ಕರೆ, ಪರಿಮಳ ಬೆರೆಸದ ಹೊಟ್ಟು ತನ್ನಿ. ಮೊದಲ ವಾರ ದಿನಕ್ಕೊಮ್ಮೆ ಅರ್ಧ ಟೀ ಚಮಚ ಸಾಕು. ದೊಡ್ಡ ಲೋಟದ ತುಂಬ, ಅಂದರೆ ಸುಮಾರು 250 ಮಿ.ಲೀ. ನೀರಿಗೆ ಹಾಕಿ, ಕದಡಿ, ಮಂದವಾಗುವ ಮೊದಲೇ ಕುಡಿದುಬಿಡಿ. ಮೇಲೆ ಇನ್ನೊಂದಿಷ್ಟು ನೀರು ಕುಡಿಯಿರಿ. ಒಣ ಹೊಟ್ಟನ್ನು ಬಾಯಿಗೆ ಸುರಿದುಕೊಂಡರೆ ಗಂಟಲಲ್ಲೇ ಉಬ್ಬಿ ಉಸಿರು ಕಟ್ಟೀತು. ನುಂಗಲು ಕಷ್ಟಪಡುವ ಹಿರಿಯರಿಗೆ ಇದನ್ನು ಕೊಡಲೇಬಾರದು. ಕುಡಿದ ತಕ್ಷಣ ಮಲಗಬೇಡಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ.

ಹೊಟ್ಟೆ ಒಗ್ಗಿಕೊಂಡರೆ ಎರಡನೇ ವಾರ ಒಂದು ಚಮಚಕ್ಕೆ ಏರಿಸಿ. ಅದಕ್ಕಿಂತ ಹೆಚ್ಚು ಬೇಕೇ ಎಂಬುದನ್ನು ವೈದ್ಯರು ಹೇಳಲಿ. ಸ್ವಲ್ಪ ವಾಯು ಸಹಜ. ಹೊಟ್ಟೆ ನುಲಿಯುವಂತಾದರೆ ಹಿಂದಿನ ಅಳತೆಗೆ ಇಳಿಯಿರಿ.

ಇಸಬ್‌ಗೋಲ್ ಒಗ್ಗಿತೆಂದು ಎಲ್ಲ ನಾರೂ ಒಗ್ಗೀತೆಂದಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಫ್ರಕ್ಟಾನ್ ಸರಿಯಾಗಿ ಹುಳಿಯದೆ ಉಳಿದರೆ ಕೆಲವು ರೋಗಿಗಳಲ್ಲಿ ಉರಿಯೂತವನ್ನೇ ಕೆಣಕಬಹುದೆಂದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಕಂಡಿದ್ದಾರೆ. ಹಾಗಾಗಿ ಹೊಸದನ್ನು ಒಂದೊಂದಾಗಿ ತಿಂದು ನೋಡಿ, ಏನಾಯಿತೆಂದು ಬರೆದಿಡಿ. ಒಳಗಿನ ಉರಿಯೂತದ ಮಟ್ಟ ತಿಳಿಯಲು ವೈದ್ಯರು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಬರೆದುಕೊಡುತ್ತಾರೆ.

ಮಲದಲ್ಲಿ ರಕ್ತ, ಜ್ವರ, ವಾಂತಿ ಅಥವಾ ಬಿಡದ ಹೊಟ್ಟೆನೋವು ಕಂಡರೆ ಇಸಬ್‌ಗೋಲ್ ನಿಲ್ಲಿಸಿ, ಆ ದಿನವೇ ಆಸ್ಪತ್ರೆಗೆ ಹೋಗಿ.