ಮರುಪ್ರಸಾರಕ್ಕೆ ಧ್ವನಿಯನ್ನು ಎಲ್ಲಿಂದ ತೆಗೆಯಬೇಕು?

ಮೂರು, ನೂರು: ಈ ಎರಡು ಪದಗಳಿಗೆ ಮೊದಲಕ್ಷರವೊಂದೇ ಭೇದ. ಎದುರಿಗೆ ನಿಂತು ಆಡಿದರೆ ತೊಡಕಿಲ್ಲ. ಆದರೆ 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಕ್ಕೆ ನೀರು ನುಗ್ಗಿದಂತೆ ಮತ್ತೊಮ್ಮೆ ಆಯಿತೆಂದು ಭಾವಿಸೋಣ. ಮೇಲವಂಕಿಯ ಹವ್ಯಾಸಿಯೊಬ್ಬನು ಕೈರೇಡಿಯೋದಲ್ಲಿ "ಮೂರು ಮಂದಿ ಸಿಕ್ಕಿಕೊಂಡಿದ್ದಾರೆ" ಎಂದದ್ದು ದೂರದವನಿಗೆ "ನೂರು ಮಂದಿ" ಎಂದು ಕೇಳಿಸಿದರೆ ಗತಿಯೇನು?

ಹವ್ಯಾಸಿಗಳು ಬಳಸುವ 144ರಿಂದ 146 ಮೆಗಾಹರ್ಟ್ಸಿನ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಗುಡ್ಡಗಳು ಅವನ್ನು ತಡೆಯುತ್ತವೆ. ಅದಕ್ಕಾಗಿ ಎತ್ತರದಲ್ಲಿ ರಿಪೀಟರ್ ಇಡುವರು. ಅದರ ಗ್ರಾಹಕವು ಕೇಳಿದುದನ್ನು ಪ್ರೇಷಕವು ಅದೇ ಕ್ಷಣದಲ್ಲಿ, ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರದಲ್ಲಿ, ಮತ್ತೆ ಹೊರಡಿಸುತ್ತದೆ. ಗ್ರಾಹಕದ ಯಾವ ಭಾಗದಿಂದ ಧ್ವನಿಯನ್ನು ಎಳೆದು ಪ್ರೇಷಕಕ್ಕೆ ಕೊಡಬೇಕೆಂಬುದೇ ನಮ್ಮ ಪ್ರಶ್ನೆ.

ಸ್ಪೀಕರಿನ ತಂತಿ ಎಲ್ಲಕ್ಕಿಂತ ಸುಲಭ. ಆದರೆ ರಿಪೇರಿಗೆ ಬಂದವನು ಸದ್ದು ಹೆಚ್ಚಾಯಿತೆಂದು ಗುಂಡಿಯನ್ನು ತಿರುಗಿಸಿ ಹೋದನೆಂದರೆ ಸೀಮೆಯ ಹವ್ಯಾಸಿಗಳೆಲ್ಲರ ಮಾತೂ ಕುಗ್ಗುವುದು! ಇದನ್ನು ನಾವು ಒಪ್ಪಲಾರೆವು.

ಇನ್ನೊಂದು ಸೂಕ್ಷ್ಮವುಂಟು. ಇಂಥ ರೇಡಿಯೋದಲ್ಲಿ ಗೊರಗೊರ ಸದ್ದು ಏರುಕಂಪನಗಳಲ್ಲೇ ಹೆಚ್ಚು. ಆದಕಾರಣ ಪ್ರೇಷಕವು ಮಾತಿನ ಏರುಕಂಪನಗಳನ್ನು ಮೊದಲೇ ಹಿಗ್ಗಿಸಿ ಕಳುಹಿಸುತ್ತದೆ. 300 ಹರ್ಟ್ಸಿಗೆ ಹೋಲಿಸಿದರೆ 3000 ಹರ್ಟ್ಸಿನ ಧ್ವನಿ ಸುಮಾರು 10 ಪಟ್ಟು ಹಿಗ್ಗುತ್ತದೆ. ಇದು ಪ್ರೀ-ಎಂಫಸಿಸ್. ಗ್ರಾಹಕವು ಅಷ್ಟೇ ಕುಗ್ಗಿಸಿ ಸಮಮಾಡುವುದು ಡಿ-ಎಂಫಸಿಸ್. ಅಲೆಯಿಂದ ಧ್ವನಿಯನ್ನು ಬಿಡಿಸುವ ಡಿಸ್ಕ್ರಿಮಿನೇಟರಿನಲ್ಲಿ ಅದು ಹಿಗ್ಗಿದಂತೆಯೇ ಇರುತ್ತದೆ. ಕುಗ್ಗುವುದು ಅದರ ಮುಂದೆ.

ಈಗ ಲೆಕ್ಕ ನೋಡಿರಿ. ಡಿಸ್ಕ್ರಿಮಿನೇಟರಿನ ಧ್ವನಿಯನ್ನು ಪ್ರೇಷಕದ ಮೈಕ್ ತೂತಿಗೆ ಕೊಟ್ಟರೆ ಅದು ಎರಡನೆಯ ಸಲ ಹಿಗ್ಗಿ, 10 ಪಟ್ಟು ಇದ್ದುದು 100 ಪಟ್ಟಾಗಲು ಹವಣಿಸಿ, ಮಿತಿಗೆ ಸಿಕ್ಕಿ ಒಡೆಯುವುದು; ಸ, ಶಗಳು ಕಿವಿ ಕೊರೆಯುವುವು. ಕುಗ್ಗಿದ ಧ್ವನಿಯನ್ನು ಹಿಗ್ಗಿಸುವ ಹಂತವನ್ನು ದಾಟಿಸಿ ನೇರವಾಗಿ ಮಾಡ್ಯುಲೇಟರಿಗೆ ಕೊಟ್ಟರೋ, ಕೇಳುವವನ ರೇಡಿಯೋ ಮತ್ತೆ ಕುಗ್ಗಿಸಿ ಮಾತು ಮಂಕಾಗುವುದು. ಮ, ನಗಳ ಭೇದವನ್ನು ತಿಳಿಸುವುದರಲ್ಲಿ ಏರುಕಂಪನಗಳಿಗೆ ದೊಡ್ಡ ಪಾಲಿರುವುದರಿಂದ ಅಪಾಯವಿರುವುದು ಇಲ್ಲಿಯೇ.

ಸದ್ದಿನ ಗುಂಡಿಗೆ ಮುಂಚೆ ತೆಗೆದ ಕುಗ್ಗಿದ ಧ್ವನಿಯನ್ನು ಮೈಕ್ ದಾರಿಗೆ ಕೊಡುವುದು ತಪ್ಪಲ್ಲ. ಆದರೂ ನಮ್ಮ ಒಲವು ಡಿಸ್ಕ್ರಿಮಿನೇಟರಿನಿಂದ ನೇರವಾಗಿ ಮಾಡ್ಯುಲೇಟರಿಗೆ. ಬಂದದ್ದು ಬಂದಂತೆಯೇ ಹೋಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಯಾರೂ ಮಾತಾಡದಾಗ ಅಲ್ಲಿ ಬರೀ ಮೊರೆತವಿರುವುದರಿಂದ ಅದನ್ನು ಮುಚ್ಚುವ ಸ್ಕ್ವೆಲ್ಚ್ ಮಂಡಲವನ್ನು ಬೇರೆಯಾಗಿ ಕಟ್ಟಬೇಕು. ಗುರುತಿಗಾಗಿ ಸೇರಿಸುವ ತಗ್ಗುಸ್ವರವನ್ನು ತಡೆಯಲು 300 ಹರ್ಟ್ಸಿನ ಕೆಳಗಿನದನ್ನೆಲ್ಲ ಸೋಸಬೇಕು.

ಕೊನೆಗೆ ಪರೀಕ್ಷೆ. 1000 ಹರ್ಟ್ಸಿನ ಸ್ವರವನ್ನು 3 ಕಿಲೋಹರ್ಟ್ಸ್ ವಿಚಲನೆಯಲ್ಲಿ ಒಳಗೆ ಕಳುಹಿಸಿ, ಹೊರಗೂ 3 ಬರುವಂತೆ ಹೊಂದಿಸಿರಿ. ಬಳಿಕ 400, 2500 ಹರ್ಟ್ಸಿನಲ್ಲೂ ನೋಡಿರಿ. ಅಲ್ಲಿಯೂ 3ಕ್ಕೆ ಸಮೀಪ ಬಂದರೆ, ಗುಡ್ಡದಾಚೆಯ ಗೆಳೆಯನಿಗೆ ಮೂರು, ನೂರು ಎಂದು ಹೇಳಿ, ಕೇಳಿಸಿದ್ದನ್ನು ಬರೆದುಕೊಳ್ಳಲು ತಿಳಿಸಿರಿ.