ಒಂದೇ ಹಗ್ಗ

ಮಕ್ಕಳೇ, ಹಗ್ಗಜಗ್ಗಾಟವನ್ನು ನೀವೆಲ್ಲ ಆಡಿದ್ದೀರಿ. ಎರಡು ತಂಡಗಳು ಒಂದೇ ಹಗ್ಗವನ್ನು ಎರಡು ಕಡೆಗೆ ಎಳೆಯುತ್ತವೆ. ಆಟ ಮುಗಿದ ಮೇಲೂ ಕೆಲವೊಮ್ಮೆ ಸಿಟ್ಟು ಉಳಿಯುತ್ತದೆ. "ಅವರೆಲ್ಲ ಮೋಸಗಾರರು, ನಾವೇ ಒಳ್ಳೆಯವರು" ಎನ್ನುತ್ತೇವೆ. ಜನರನ್ನು ಸರಿಯಾಗಿ ತಿಳಿಯುವ ಮೊದಲೇ ಅವರು ಕೆಟ್ಟವರೆಂದು ತೀರ್ಮಾನಿಸುವುದಕ್ಕೆ ಪೂರ್ವಗ್ರಹ ಎನ್ನುತ್ತಾರೆ. ಅದು ಹೇಗೆ ಹುಟ್ಟುತ್ತದೆ? ಹೇಗೆ ಕಡಿಮೆಯಾಗುತ್ತದೆ? ಇದನ್ನು ತಿಳಿಯಲು ನಡೆದ ಒಂದು ಪ್ರಯೋಗದ ಕಥೆ ಇಲ್ಲಿದೆ.

1954ರ ಬೇಸಿಗೆ. ಅಮೆರಿಕ ದೇಶದ ಒಕ್ಲಹೋಮ ರಾಜ್ಯದಲ್ಲಿ 'ರಾಬರ್ಸ್ ಕೇವ್' ಎಂಬ ಕಾಡಿನ ತಾಣವಿದೆ. ಹಾಗೆಂದರೆ ಕಳ್ಳರ ಗವಿ. ಅಲ್ಲಿಗೆ ಸುಮಾರು 11 ವರ್ಷದ 22 ಹುಡುಗರು ಶಿಬಿರಕ್ಕೆ ಬಂದರು. ಶಿಬಿರವನ್ನು ಏರ್ಪಡಿಸಿದವರು ಮುಜಫರ್ ಶೆರೀಫ್ ಎಂಬ ಮನಃಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು. ಹುಡುಗರಿಗೆ ಮೊದಲು ಪರಸ್ಪರ ಪರಿಚಯವಿರಲಿಲ್ಲ. ಅವರ ಭಾಷೆ, ಮನೆತನ, ಓದು ಎಲ್ಲವೂ ಒಂದೇ ತರಹ. ಅವರನ್ನು ಎರಡು ತಂಡ ಮಾಡಿ ಬೇರೆ ಬೇರೆ ಕಡೆ ಇಳಿಸಿದರು.

ಮೊದಲ ವಾರ ಎರಡೂ ತಂಡಗಳು ತಮ್ಮಷ್ಟಕ್ಕೆ ಈಜಿದವು, ಅಡುಗೆ ಮಾಡಿದವು, ಬೆಟ್ಟ ಸುತ್ತಿದವು. ಒಂದು ತಂಡ 'ಹದ್ದುಗಳು' ಎಂದು ಹೆಸರಿಟ್ಟುಕೊಂಡಿತು. ಇನ್ನೊಂದು ತಂಡ, ಬಾಲದಿಂದ ಗಲಗಲ ಸದ್ದು ಮಾಡುವ ಹಾವಿನ ಹೆಸರನ್ನು ಇಟ್ಟುಕೊಂಡಿತು.

ಎರಡನೆಯ ವಾರ ಪಂದ್ಯಗಳು ಆರಂಭವಾದವು. ಬಹುಮಾನ ಗೆದ್ದ ತಂಡಕ್ಕೆ ಮಾತ್ರ. ಸೋತವರಿಗೆ ಏನೂ ಇಲ್ಲ. ಆಗ ಬೈದಾಟ ಶುರುವಾಯಿತು. ಹದ್ದಿನ ತಂಡದವರು ಹಾವಿನ ತಂಡದ ಧ್ವಜವನ್ನು ಸುಟ್ಟರು. ಹಾವಿನ ತಂಡದವರು ಅವರ ಕೋಣೆಗೆ ನುಗ್ಗಿ ಸಾಮಾನು ಚೆಲ್ಲಾಡಿದರು.

ಒಂದು ಸ್ಪರ್ಧೆಯಲ್ಲಿ ನೆಲದ ಮೇಲೆ ಚೆಲ್ಲಿದ ಕಾಳುಗಳನ್ನು ಆರಿಸಬೇಕಿತ್ತು. ಆಮೇಲೆ ಒಬ್ಬೊಬ್ಬರು ಆರಿಸಿದ ಕಾಳು ಇದು ಎಂದು ತೆರೆಯ ಮೇಲೆ ತೋರಿಸಿ, ಎಷ್ಟಿರಬಹುದೆಂದು ಕೇಳಿದರು. ನಿಜವಾಗಿ ಪ್ರತಿ ಸಲ ತೋರಿಸಿದ್ದು 35 ಕಾಳುಗಳನ್ನೇ! ಆದರೂ ತಮ್ಮವನು ಆರಿಸಿದ್ದು ಎಂದಾಗ ಹುಡುಗರಿಗೆ ಅವು ಹೆಚ್ಚಾಗಿ ಕಂಡವು. ಎದುರಿನವನದು ಎಂದಾಗ ಕಡಿಮೆಯಾಗಿ ಕಂಡವು. ನೋಡಿದಿರಾ, 'ನಾವು', 'ಅವರು' ಎಂಬ ಭಾವನೆ ಕಣ್ಣಿನ ಎಣಿಕೆಯನ್ನೂ ತಪ್ಪಿಸುತ್ತದೆ.

ಜಗಳ ಬಿಡಿಸಲು ಮೊದಲು ಎರಡೂ ತಂಡಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು, ಒಟ್ಟಿಗೆ ಸಿನಿಮಾ ತೋರಿಸಿದರು. ಫಲವಾಗಲಿಲ್ಲ. ಊಟದ ಮನೆಯಲ್ಲಿ ಒಬ್ಬರ ಮೇಲೊಬ್ಬರು ತಿಂಡಿ ಎಸೆದಾಡಿದರು.

ಆಮೇಲೆ ಶಿಬಿರದವರು ಬೇರೆ ಉಪಾಯ ಹೂಡಿದರು. ಒಂದು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಎಲ್ಲರಿಗೂ ಬಾಯಾರಿಕೆ. ಎರಡೂ ತಂಡದವರು ಟ್ಯಾಂಕಿನ ಬಳಿ ಸೇರಿ ತೊಂದರೆ ಎಲ್ಲಿದೆ ಎಂದು ಹುಡುಕಿ ಸರಿಪಡಿಸಿದರು. ಇನ್ನೊಂದು ದಿನ ಊಟ ತರಬೇಕಾಗಿದ್ದ ಟ್ರಕ್ಕು ಹೊರಡಲಿಲ್ಲ. ಎಲ್ಲರಿಗೂ ಹಸಿವು. ಆಗ ಹುಡುಗರು ಹಗ್ಗಜಗ್ಗಾಟದ ಹಗ್ಗವನ್ನೇ ಟ್ರಕ್ಕಿಗೆ ಕಟ್ಟಿ ಎಲ್ಲರೂ ಸೇರಿ ಎಳೆದರು. ಹಿಂದೆ ಎರಡು ಕಡೆಗೆ ಎಳೆದ ಹಗ್ಗವನ್ನು ಈಗ ಒಂದೇ ಕಡೆಗೆ ಎಳೆದರು!

ಇಂತಹ ಕೆಲಸ ಒಂದು ಸಲ ಮಾಡಿದರೆ ಸಾಲಲಿಲ್ಲ. ಮತ್ತೆ ಮತ್ತೆ ಮಾಡಿದಾಗ ಬೈದಾಟ ನಿಂತಿತು. ಶಿಬಿರ ಮುಗಿದಾಗ ಎಲ್ಲರೂ ಒಂದೇ ಬಸ್ಸಿನಲ್ಲಿ ಊರಿಗೆ ಹೊರಟರು. ದಾರಿಯಲ್ಲಿ ಹಾವಿನ ತಂಡದವರು ತಾವು ಸ್ಪರ್ಧೆಯಲ್ಲಿ ಗೆದ್ದಿದ್ದ 5 ಡಾಲರಿನಿಂದ ಎಲ್ಲರಿಗೂ ಹಾಲಿನ ಪಾನೀಯ ಕೊಡಿಸಿದರು.

ಇದು ಪ್ರಯೋಗವೆಂದು ಆ ಹುಡುಗರಿಗೆ ಗೊತ್ತಿರಲಿಲ್ಲ. ಮಕ್ಕಳಿಗೆ ತಿಳಿಸದೆ ಹೀಗೆ ಮಾಡಿದ್ದು ಸರಿಯಲ್ಲವೆಂದು ಮುಂದೆ ಹಲವರು ಹೇಳಿದರು. ಹಿಂದಿನ ವರ್ಷ, 1953ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿಯೂ ಶೆರೀಫರು ಇಂತಹ ಶಿಬಿರ ನಡೆಸಿದ್ದರು. ಅಲ್ಲಿ ತಂಡ ಮಾಡುವ ಮೊದಲೇ ಹುಡುಗರಲ್ಲಿ ಸ್ನೇಹ ಬೆಳೆದಿತ್ತು. ಪಂದ್ಯ ಇಟ್ಟರೂ ಆ ತಂಡಗಳು ವೈರಿಗಳಾಗಲಿಲ್ಲ.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಕನ್ನಡ, ಮರಾಠಿ, ತೆಲುಗು, ಉರ್ದು ಮಾತನಾಡುವವರು ಅಕ್ಕಪಕ್ಕದಲ್ಲಿ ಬಾಳುತ್ತಾರೆ. ಮನೆಮಾತು ಬೇರೆಯಾದರೂ ಕುಡಿಯುವ ನೀರು, ನಡೆಯುವ ದಾರಿ, ಆಡುವ ಬಯಲು ಎಲ್ಲರದು. ಪಕ್ಕದ ಓಣಿಯವರ ಬಗ್ಗೆ "ಅವರೆಲ್ಲ ಹಾಗೆಯೇ" ಎಂಬ ಮಾತು ಕಿವಿಗೆ ಬಿದ್ದರೆ ಆ 35 ಕಾಳುಗಳನ್ನು ನೆನೆಯಿರಿ. ಅವರೊಡನೆ ಸೇರಿ ಒಂದು ಕೆಲಸ ಮಾಡಿ ನೋಡಿರಿ.

ಶಬ್ದಾರ್ಥ
ಮನಃಶಾಸ್ತ್ರಜ್ಞ – ಮನಸ್ಸು ಮತ್ತು ನಡತೆಯನ್ನು ಅಭ್ಯಾಸ ಮಾಡುವವನು
ಸಂಗಡಿಗ – ಜೊತೆಗಾರ
ತಾಣ – ಸ್ಥಳ

ಅಭ್ಯಾಸ
ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪೂರ್ವಗ್ರಹ ಎಂದರೇನು?
2. ಹುಡುಗರು ಟ್ರಕ್ಕನ್ನು ಯಾವುದರಿಂದ ಎಳೆದರು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಒಂದೇ ಸಂಖ್ಯೆಯ ಕಾಳುಗಳು ಹೆಚ್ಚು ಕಡಿಮೆಯಾಗಿ ಕಂಡದ್ದೇಕೆ?
2. ಒಟ್ಟಿಗೆ ಊಟ ಮಾಡಿದಾಗ ನಿಲ್ಲದ ಜಗಳ ಒಟ್ಟಿಗೆ ದುಡಿದಾಗ ಏಕೆ ನಿಂತಿತು?

ಉಪಕ್ರಮ: ಬೇರೆ ಮನೆಮಾತಿನ ಮಕ್ಕಳೊಡನೆ ಸೇರಿ ಶಾಲೆಯಲ್ಲಿ ಒಂದು ಗಿಡ ನೆಡಿರಿ. ನೀರು ಹಾಕುವ ಪಾಳಿಯನ್ನು ಹಂಚಿಕೊಳ್ಳಿರಿ.